ಮಡಕೆಯ ಮೇಲಿನ ಗುಂಡುಕಲ್ಲು

ಅಮೀರ್ ಬಿ ನೀರಿನ ಮಡಕೆಯ ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿ ಪಕ್ಕದಲ್ಲೇ ಕಾವಲು ಕೂತಿದ್ದಳು. ಮೊಮ್ಮಗಳು ಸಾಬೀರಾಗೆ ನಿನ್ನೆಯಿಂದ ವಾಂತಿಭೇದಿ. ಭೇದಿಯಾದವರಿಗೆ ಹನಿ ನೀರೂ ಕೊಡಬಾರದು, ಕೊಟ್ಟಷ್ಟೂ ಹೊರಗೆ ಹೋಗುತ್ತದೆ ಎಂಬುದು ಮುದುಕಿಯ ಶಾಸನ. ಅದನ್ನು ಮೀರುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೂರು ವರ್ಷದ ಹುಡುಗಿ ತಾಯಿ ಜಮೀಲಾಳ ತೊಡೆಯ ಮೇಲೆ ಬಾಡಿ ಮಲಗಿದ್ದಳು. ಕಣ್ಣುಗಳು ಗುಳಿಬಿದ್ದಿದ್ದವು. ಬೆಳಗ್ಗೆಯೆಲ್ಲ "ದಾದಿ, ಪಾನಿ" ಎಂದು ಅಜ್ಜಿಯ ಬಳಿ ನೀರು ಬೇಡಿದವಳಿಗೆ ಈಗ ದನಿಯೂ ಇರಲಿಲ್ಲ.

ಆ ಬೇಸಿಗೆ ಶಿರಾದ ಬಾವಿಗಳು ಬತ್ತಿ, ಬೀದಿಯವರೆಲ್ಲ ಕೆರೆಯ ಗುಂಡಿ ನೀರನ್ನೇ ತರುತ್ತಿದ್ದರು. ಮನೆಮನೆ ತಿರುಗುತ್ತಿದ್ದ ನರ್ಸ್ ಗಂಗಲಕ್ಷ್ಮಮ್ಮ ಒಳಗೆ ಬಂದವಳೇ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಚರ್ಮ ಎದ್ದಂತೆಯೇ ನಿಂತಿತು.

"ಉಚ್ಚೆ ಯಾವಾಗ ಉಯ್ದಿದ್ದು?"

"ನೆನ್ನೆ ಸಂಜೆ ಕಣಕ್ಕಾ," ಎಂದು ಜಮೀಲಾ ಅತ್ತಳು.

"ಕೆಟ್ಟ ನೀರಿನ ಕ್ರಿಮಿ ಕರುಳಿಗೆ ಸೇರ್ಕಂಡೈತೆ. ಮೈಯಾಗಿನ ನೀರೆಲ್ಲ ಬಸಿದು ಹೋಗ್ತೈತೆ. ಬೂಬಮ್ಮಾ, ಮಡಕೆ ಸೋರ್ತೈತೆ ಅಂತ ನೀರು ಉಯ್ಯೋದು ನಿಲ್ಸುದ್ರೆ ಒಣಗೋಗಲ್ವಾ? ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಒಂದೊಂದೇ ಚಮಚ ಕುಡಿಸ್ರಿ. ಕಕ್ಕುದ್ರೂ ಬುಡಬ್ಯಾಡಿ," ಎಂದು ನರ್ಸ್ ಮುದುಕಿಯತ್ತ ತಿರುಗಿದಳು.

ಅಮೀರ್ ಬಿ ಕದಲಲಿಲ್ಲ. "ನನ್ನ ಹಿರಿ ಮಗ ನಸ್ರುಲ್ಲಾಗೂ ಹಿಂಗೇ ಆಗಿತ್ತು. ಎರಡು ದಿನ ನೀರು ನೀರು ಅಂದ. ನಾನು ಕೊಡ್ಲಿಲ್ಲ. ಕೊಟ್ಟಿದ್ರೆ ಉಳೀತಿದ್ನಾ, ನರ್ಸಮ್ಮಾ?"

ಗಂಗಲಕ್ಷ್ಮಮ್ಮ ಒಂದು ಒಳ್ಳೆಯ ಸುಳ್ಳಿಗಾಗಿ ತಡಕಾಡಿದಳು. ಸಿಗಲಿಲ್ಲ. "ಆವಾಗ ನಿಮಗೆ ಹೇಳೋರು ಯಾರೂ ಇರ್ಲಿಲ್ಲ ಕಣಮ್ಮಾ," ಎಂದಳು.

ಮುದುಕಿ ಎರಡೂ ಕೈಯಲ್ಲಿ ಗುಂಡುಕಲ್ಲನ್ನು ಎತ್ತಿ ಹೊಸಿಲಾಚೆ ಇಟ್ಟು ಬಂದಳು. ಒಲೆ ಹಚ್ಚಿದಳು. ತಿಳಿ ಆರಿದ ಮೇಲೆ ಮಗುವನ್ನೂ ಚಮಚವನ್ನೂ ತಾನೇ ತೆಗೆದುಕೊಂಡಳು, ಸೊಸೆಗೆ ಕೊಡಲಿಲ್ಲ.

ಮೊದಲ ಮೂರು ಚಮಚ ಅವಳ ಸೆರಗಿನ ಮೇಲೇ ಆಚೆ ಬಂದವು. ನಾಲ್ಕನೆಯದು ನಿಂತಿತು. ಆಮೇಲಿನದೂ ನಿಂತಿತು. ಕೈ ನೋಯುತ್ತಿತ್ತು, ಭಯವೂ ಇತ್ತು, ಆದರೂ ಬಿಡಲಿಲ್ಲ.

ಸಂಜೆಯ ನಮಾಜಿಗೆ ಮಸೀದಿಯಿಂದ ಕೂಗು ಕೇಳಿದಾಗ ಅಮೀರ್ ಬಿಯ ತೊಡೆ ಬೆಚ್ಚಗಾಯಿತು. ಮಗುವಿನ ಉಚ್ಚೆ ಸೀರೆ ನೆನೆಸಿ ಚಾಪೆಗೂ ಇಳಿಯಿತು. ಬೇರೆ ದಿನ ನಮಾಜಿನ ಹೊತ್ತಿಗೆ ಸೀರೆಗೆ ಮಕ್ಕಳ ಕೈ ತಾಕಿದರೂ ಗದರುವವಳು ಅವಳು.

"ಇತ್ತ ಕೊಡಿ, ಸೀರೆ ಬದಲಾಯ್ಸಿ," ಎಂದು ಜಮೀಲಾ ಓಡಿಬಂದಳು.

"ಇರು," ಎಂದಳು ಅಮೀರ್ ಬಿ. ಒದ್ದೆ ಸೀರೆಯಲ್ಲೇ ಕೂತು ಮುಂದಿನ ಚಮಚ ತುಂಬಿಸಿದಳು.