ಐದು ರೊಪ್ಪ

ಮತ್ತೆ ಬೆವರು, ಫೋನಿನ ಗಾಜಿನ ಮೇಲೆ ಹೆಬ್ಬೆರಳಿನ ಗುರುತು, ವೇಲಿನ ತುದಿಯಲ್ಲಿ ಒರೆಸಿದರೂ ಹೋಗುವುದಿಲ್ಲ, ಹಿರಿಯೂರು ಬಸ್ ಸ್ಟ್ಯಾಂಡಿನ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ, ಕೆಲಸದ ಜೊತೆಗಾರ ಪ್ರಭುಲಿಂಗ ಬಸ್ಸು ಹತ್ತುವುದರೊಳಗೆ ಹೇಳಬೇಕು, ಅವನು ಎರವಲು ತಂದ ಈ ಬಟನ್ನೇ ಇಲ್ಲದ ಹೊಸ ಫೋನನ್ನು ಇಟ್ಟುಕೊಂಡು ಕೆಲಸ ಶುರು ಮಾಡುತ್ತೇನೋ, ಅವನ ಕೈಗೇ ವಾಪಸ್ ಕೊಡುತ್ತೇನೋ — ಎರಡು ಸಾವಿರದ ಒಂಬತ್ತು ಮುಗಿಯಲಿ, ನಮ್ಮ ಜನರ ಕೈಗೂ ಇದು ಬರಲಿ, ಆಮೇಲೆ ನೋಡೋಣ ಅಂದರೆ ಕೇಳುವುದಿಲ್ಲ, ಎಲ್ರ ಕೈಗೂ ಬಂದ್ಮೇಲೆ ನಮ್ಮನ್ಯಾರು ಕೇಳ್ತಾರೆ ಚೈತ್ರಾ, ಈಗ್ಲೇ ಶುರು ಮಾಡಾಣ, ಹೇಳುವುದು ಸುಲಭ, ಪ್ರೋಗ್ರಾಂ ಬರೆಯುವವಳು ನಾನು, ಇವನದು ಬರೀ ಓಡಾಟ. ಹಳೇ ಬಟನ್ ಫೋನಿಗೂ ಕನ್ನಡ ಬರುತ್ತಿರಲಿಲ್ಲ, ಎಂಟು ತಿಂಗಳು ಕೂತು ಒಂದೊಂದು ಅಕ್ಷರವನ್ನೂ ಚಿತ್ರವಾಗಿ ಬಿಡಿಸಿದೆ, ಕುರಿಗೆ ಜಂತುಹುಳದ ಮದ್ದು ಯಾವತ್ತು, ಉಣ್ಣೆ ಕತ್ತರಿಸುವುದು ಯಾವತ್ತು, ತಾರೀಖು ಬಂದರೆ ಫೋನೇ ಕೂಗುತ್ತದೆ, ಮೇಲುಗಡೆ ಕುರಿಯವರ ಹೆಸರು, ಸಹಿ ಮಾಡುವಷ್ಟೇ ಅಕ್ಷರ ಬಲ್ಲ ಅಪ್ಪ ತನ್ನ ಹೆಸರು ಕಂಡು, ಓಬಣ್ಣ, ನೋಡ್ರಿ, ಓಬಣ್ಣ ಅಂತ ಐತೆ, ನಮ್ಮೂರು ಬಬ್ಬೂರಿನ ಮನೆಮನೆಗೂ ತೋರಿಸಿಕೊಂಡು ಬಂದ, ಅದನ್ನೆಲ್ಲ ಬಿಟ್ಟು ಮತ್ತೆ ಮೊದಲಿಂದ.

ಭಯ ನನಗೆ, ಇನ್ನೇನಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ಎಳೆ ಜೋಳದ ಹೊಲಕ್ಕೆ ಕುರಿ ಬಿಟ್ಟವಳು ನಾನೇ, ಹಸಿರು ಕಂಡಿತು, ಬಿಟ್ಟೆ, ಸಂಜೆಯೊಳಗೆ ಮೂರು ಸತ್ತವು, ಎಳೇದು ವಿಷ ಕಣವ್ವ, ಬೆಳೀಲಿ ಅಂತ ಕಾಯ್ಬೇಕು, ಅಪ್ಪ ಬೈಯಲಿಲ್ಲ, ಅದೇ ಇನ್ನೂ ಚುಚ್ಚುತ್ತದೆ — ಕಾಯಬೇಕು ಸರಿ, ಎಷ್ಟು ದಿನ, ಅದನ್ನು ಹೇಳಲಿಲ್ಲ. ಇವತ್ತು ಬೆಳಿಗ್ಗೆ ಕಂಪ್ಯೂಟರಿನಿಂದ ಈ ಫೋನಿಗೆ ಅಪ್ಪನ ಹೆಸರು ಕಳಿಸಿ ನೋಡಿದೆ, ಇದಕ್ಕೂ ಕನ್ನಡ ಗೊತ್ತಿಲ್ಲ, ಒಂದು ಒತ್ತಕ್ಷರವನ್ನೇ ಮೂರಾಗಿ ಒಡೆದು ಎಣಿಸಿ ಮೂರಕ್ಷರದ ಹೆಸರಿಗೆ ಐದು ಖಾಲಿ ಚೌಕ ಹಾಕಿ ಕೂತಿದೆ, ಮುಚ್ಚಿಡುವಷ್ಟರಲ್ಲಿ ಅಪ್ಪ ಇಣುಕಿದ, ರೊಪ್ಪ ಹಾಕೀಯೇನವ್ವ, ಕುರಿ ಕೂಡುವ ರೊಪ್ಪ ಅಂದುಕೊಂಡಿದ್ದಾನೆ, ನಗು ಬಂತು, ಅಳುವೂ ಬಂತು, ಅದು ನಿನ್ನ ಹೆಸರು ಎನ್ನದೆ, ಕುರಿ ಇಲ್ವಲ್ಲಪ್ಪ ಅಂದೆ, ಹೂಂ ಮತ್ತೆ, ಮೊದ್ಲು ರೊಪ್ಪ ಹಾಕ್ತಾರೆ, ಆಮೇಲೆ ಕುರಿ ಹೊಡ್ಕಂಬರ್ತಾರೆ — ಬಸ್ಸು ಸ್ಟಾರ್ಟ್ ಆಯಿತು, ಪ್ರಭುಲಿಂಗ ಕಿಟಕಿಯಿಂದ ಕೈ ಚಾಚಿದ್ದಾನೆ, ಕೊಡ್ತೀಯೋ ಇಟ್ಕಂತೀಯೋ, ಹೇಳ್ಬಿಡು ಚೈತ್ರಾ, ಕೈ ಮುಂದೆ ಹೋಗುತ್ತಿಲ್ಲ, ಬೆರಳು ಬಿಡುತ್ತಿಲ್ಲ, ಗಾಜಿನ ಮೇಲೆ ಹೆಬ್ಬೆರಳಿನ ಗುರುತು, ನನ್ನದಲ್ಲ, ಅಪ್ಪನದು, ಬೆಳಿಗ್ಗೆ ಆ ಒರಟು ಬೆರಳು ಒಂದೊಂದೇ ಚೌಕದ ಸುತ್ತ ಹುಡುಕುತ್ತ, ಬಾಗ್ಲು ಯಾವ ಕಡೆ ಇಡ್ತೀಯವ್ವ, ಐದು ಖಾಲಿ ರೊಪ್ಪ, ಬಾಗ್ಲು ಯಾವ ಕಡೆ, ಐದು ರೊಪ್ಪ