ಗೆರೆಯಣ್ಣ ಎಳೆದ ಗೆರೆ

"ಸ್ವಲ್ಪ ಜರುಗಿ" ಎನ್ನುತ್ತಾ ಬ್ರೆಡ್ ಕಾರ್ಖಾನೆಯ ಎಂಜಿನಿಯರ್ ಮೇಜಿನ ಮೇಲಿದ್ದ ಹೂಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದ. ಗಂಡನ ಶವದ ಪಕ್ಕ ಕೂತಿದ್ದ ಟೈಲರಮ್ಮ ತಲೆಯೆತ್ತಿ ನೋಡಿದಳು.

ನಾದಿನಿಗೆ ಮೈ ಉರಿಯಿತು. "ಸಾವಿನ ಮನೇಲೂ ನಿಮ್ಮ ಆಫೀಸಾ? ನಮ್ಮಣ್ಣ ಕಣ್ಮುಚ್ಚಿ ಇನ್ನೂ ಒಂದು ದಿನ ಆಗಿಲ್ಲ."

"ತಪ್ಪು ತಿಳ್ಕೋಬೇಡಿ ಅಕ್ಕ. ಬೆಳಗ್ಗೆಯಿಂದ ಓವನ್ ಹೊತ್ತಿಲ್ಲ. ಅಣ್ಣ ಏನಾದ್ರೂ ಬರೆದಿಟ್ಟಿದ್ರಾ ಅಂತ ಕೇಳೋಕೆ ಬಂದೆ. ಇವತ್ತು ಸರಿಹೋಗದಿದ್ರೆ ಅಣ್ಣನ ಪ್ರೋಗ್ರಾಮನ್ನೆಲ್ಲ ಅಳಿಸಿ, ಹೊಸದಾಗಿ ಅಕ್ಷರದಲ್ಲಿ ಬರೆಸ್ತಾರಂತೆ ಮ್ಯಾನೇಜರ್."

ಟೈಲರಮ್ಮ ಎದ್ದು ಮೇಜಿನ ಹತ್ತಿರ ಬಂದಳು. ಓವನ್ನಿನ ಬಿಸಿಯಿಂದ ಹಿಡಿದು ಅಂಗಡಿಗಳ ಆರ್ಡರಿನವರೆಗೆ ಆ ಕಾರ್ಖಾನೆಯ ಪ್ರೋಗ್ರಾಮುಗಳೆಲ್ಲ ಅವಳ ಗಂಡನ ಇಪ್ಪತ್ತೆರಡು ವರ್ಷದ ದುಡಿಮೆ. ಅವನು ಸಾಲುಸಾಲಾಗಿ ಬರೆಯುವವನಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಚೌಕ ಇಟ್ಟು, ಚೌಕದಿಂದ ಚೌಕಕ್ಕೆ ಗೆರೆ ಎಳೆಯುತ್ತಿದ್ದ. 'ಇದು ಪ್ರೋಗ್ರಾಮೋ, ಮಕ್ಕಳ ಡ್ರಾಯಿಂಗೋ' ಎಂದು ನಕ್ಕ ಜೊತೆಗಾರರು ಗೆರೆಯಣ್ಣ ಎಂದು ಹೆಸರಿಟ್ಟರು. ಅವನಿಗೆ ಆ ಹೆಸರು ಬಲು ಇಷ್ಟವಾಗಿತ್ತು.

*

ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಕೇಳಿದ್ದಳು, "ದಿನಾ ಅದೇನು ಗೀಚ್ತೀರಿ?"

ಅವನು ಊಟದ ಮೇಜಿನ ಮೇಲೆ ಮೂರು ಬಟ್ಟಲಿಟ್ಟು, ನಡುವೆ ಅವಳ ಹೊಲಿಗೆ ದಾರ ಎಳೆದ. "ಈ ಬಟ್ಟಲಿಗೆ ಎರಡು ಕಡೆಯಿಂದ ದಾರ ಬಂದಿದೆ, ನೋಡು. ಎರಡರಿಂದ್ಲೂ ಸುದ್ದಿ ಬರೋವರೆಗೂ ಇದು ಕೈಕಟ್ಟಿ ಕೂತಿರುತ್ತೆ. ಬಂತೋ, ಯಾರೂ ಹೇಳ್ಬೇಕಾಗಿಲ್ಲ, ತಾನೇ ಕೆಲಸ ಶುರು ಮಾಡುತ್ತೆ."

"ಹಾಗಾದ್ರೆ ನಿಮಗಿಂತ ವಾಸಿ. ನಿಮಗೆ ನಾಲ್ಕು ಸಲ ಹೇಳ್ಬೇಕು."

ಅವತ್ತು ಸಾರು ತಣ್ಣಗಾಗುವವರೆಗೂ ಇಬ್ಬರೂ ನಕ್ಕಿದ್ದರು.

*

"ತೋರಿಸಪ್ಪ" ಎಂದು ಟೈಲರಮ್ಮ ಕನ್ನಡಕ ಹಾಕಿಕೊಂಡಳು.

"ಅತ್ತಿಗೆ, ನಿಮಗೆ ಇದೆಲ್ಲ..." ಎಂದು ಎಂಜಿನಿಯರ್ ಅನುಮಾನಿಸಿದ.

"ದಾರ ಎಲ್ಲಿ ಬಿಟ್ಟಿದೆ ಅಂತ ಹುಡುಕೋಕೆ ಡಿಗ್ರಿ ಬೇಕಾ?"

ಬೆರಳಿಟ್ಟು ಗೆರೆಗಳ ಹಿಂದೆ ಹೋದಳು. ಒಂದೂ ಸಿಕ್ಕಾಗಿರಲಿಲ್ಲ. ಮನೆಯಲ್ಲಿ ಒಂದು ಟವೆಲ್ಲನ್ನೂ ನೆಟ್ಟಗೆ ಮಡಚದ ಮನುಷ್ಯ! 'ಬರ್ನರ್' ಎಂಬ ಚೌಕದ ಹತ್ತಿರ ಬೆರಳು ನಿಂತಿತು. "ಇದಕ್ಕೆ ಎರಡು ಬಾಯಿ ಇದೆ, ಒಂದು ಖಾಲಿ. ಯಾರನ್ನೋ ಕಾಯ್ತಾ ಕೂತಿದೆ ಪಾಪ."

ಎಂಜಿನಿಯರನ ಮುಖ ಸಪ್ಪಗಾಯಿತು. "ಓವನ್ ಬಾಗಿಲು ಮುಚ್ಚಿದೆ ಅಂತ ಹೇಳೋ ಗೆರೆ ಅದು. ನಿನ್ನೆ ನಾನೇ ಅಳಿಸ್ದೆ. ಓವನ್ ಆಫ್ ಆಗಿತ್ತು, ಗೆರೇಲಿ ಏನೂ ಓಡ್ತಿರ್ಲಿಲ್ಲ. ವೇಸ್ಟ್ ಅಂದ್ಕೊಂಡೆ."

"ಸುಮ್ನಿದ್ದೋರೆಲ್ಲ ವೇಸ್ಟಾ?" ಎಂದಳು ನಾದಿನಿ.

ಎಂಜಿನಿಯರ್ ಆ ಗೆರೆಯನ್ನು ಮತ್ತೆ ಎಳೆದ. ಓವನ್ ಹೊತ್ತಿತೆಂದು ಕಾರ್ಖಾನೆಯಿಂದ ಫೋನ್ ಬಂತು. ಅವನು ಅಲ್ಲೇ ನಿಂತು ಮ್ಯಾನೇಜರಿಗೆ ಹೇಳಿದ, "ಸರ್, ತಪ್ಪು ನಂದು. ಅಣ್ಣನದ್ದು ಏನನ್ನೂ ಅಳಿಸೋದು ಬೇಡ." ಆ ಕಡೆಯಿಂದ ಒಪ್ಪಿಗೆ ಬಂದಾಗ ಟೈಲರಮ್ಮ ಬೆಳಗ್ಗೆಯಿಂದ ಮೊದಲ ಸಲ ನೀರು ಕುಡಿದಳು.

ಹೊರಡುವ ಹೊತ್ತಾಗಿ, ಶವ ಹೊರುವವರು ಒಳಗೆ ಬಂದರು. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ, ಕಾರ್ಖಾನೆಯ ಕ್ಯಾಮೆರಾ ತೋರಿಸುತ್ತಿದ್ದ ಬೆಲ್ಟಿನ ಮೇಲೆ ಬ್ರೆಡ್ಡುಗಳು ಒಂದೊಂದಾಗಿ ಬರತೊಡಗಿದವು. "ಬಂತು, ಬಂತು!" ಎಂದು ನಾದಿನಿ ಕೂಗಿದಳು. ನೆರೆದವರೆಲ್ಲ ಅಳುವುದನ್ನು ಬಿಟ್ಟು ಕತ್ತು ಚಾಚಿದರು. ಟೈಲರಮ್ಮ ಶವ ಹೊರುವವರಿಗೆ ಕೈ ಅಡ್ಡ ಹಿಡಿದಳು.

"ಒಂದ್ನಿಮಿಷ, ಎತ್ತಬೇಡಿ" ಎಂದಳು. ಎಲ್ಲರ ಮುಂದಿನಿಂದ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದು, ತೆರೆಯನ್ನು ಗಂಡನ ಮುಖದ ಕಡೆಗೆ ತಿರುಗಿಸಿ ಹಿಡಿದಳು.