ಈ ಸೆಕೆ ಯಾರದು?

ನಮ್ಮ ಹುಳಮನೆಗೆ ಥರ್ಮಾಮೀಟರ್ ಅಂದರೆ ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ಜಂಬಕ್ಕೇ ಹೇಳಿದರೂ ತಪ್ಪೇನಿಲ್ಲ. ಮದುವೆಯಾಗಿ ಸಾತನೂರಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ರೇಷ್ಮೆ ಹುಳು ಸಾಕುವ ಆ ಮನೆಯೊಳಗೆ ಎರಡು ನಿಮಿಷ ನಿಂತರೆ ಸಾಕು, ಕಿಟಕಿ ತೆಗೆಯಬೇಕೋ ಇದ್ದಿಲು ಹೊತ್ತಿಸಬೇಕೋ ನನ್ನ ಮೈ ಹೇಳಿಬಿಡುತ್ತಿತ್ತು. ಅಕ್ಕಪಕ್ಕದವರೂ 'ಲತಾಮಣಿನ ಒಸಿ ಕರೀರಿ' ಎಂದು ಕರೆಸಿ ತಮ್ಮ ಹುಳಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಎಂದೋ ತಂದ ನಿಜವಾದ ಥರ್ಮಾಮೀಟರ್ ಡಬ್ಬಿಯಲ್ಲೇ ಮಲಗಿತ್ತು.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಒಳಗೆ ಹೋದೆ. ಅಬ್ಬಾ, ಏನು ಸೆಕೆ! ಕಿಟಕಿಗಳನ್ನೆಲ್ಲ ದಡಬಡ ತೆಗೆದೆ. ನಮ್ಮ ಯಜಮಾನರು ದೇವರಾಜು ಕಂಬಳಿ ಹೊದ್ದು ಓಡಿ ಬಂದರು.

"ಹಲ್ಲು ಕಟಕಟ ಅಂತಾವೆ, ಕಿಟಕಿ ಯಾಕ್ ತೆಗ್ದೆ?"

"ನಿಮ್ಗೆ ಚಳಿ, ಹುಳಕ್ಕೆ ಸೆಕೆ. ಬೇಕಾದ್ರೆ ಅಕ್ಕನ್ನೇ ಕೇಳಿ."

ಅಕ್ಕ ಅಂದರೆ ನನ್ನ ವಾರಗಿತ್ತಿ ಕೆಂಚಮ್ಮ. ನನಗೆ ನಲವತ್ತೇಳು, ಅವಳಿಗೆ ಐವತ್ತು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಒಳಗೆ ಬಂದಳು. "ಅಯ್ಯೋ, ಉರೀತೈತೆ ಕಣವ್ವ! ಆ ಬಾಗ್ಲೂ ತೆಗ್ದ್‌ಬುಡು."

ಇಬ್ಬರು ಸಾಕ್ಷಿ ಸಿಕ್ಕ ಮೇಲೆ ಇನ್ನೇನು ಮಾತು? ನಾಲ್ಕು ದಿನ ಹೀಗೇ ನಡೆಯಿತು. ಬೆಳಿಗ್ಗೆ ಹಾಕಿದ ಹಿಪ್ಪುನೇರಳೆ ಸೊಪ್ಪು ಸಂಜೆಗೂ ಹಾಗೇ ಉಳಿಯತೊಡಗಿತು. ಹುಳುಗಳು ಮುದುರಿ ಮಲಗಿದವು. ಐದನೇ ದಿನ ಯಜಮಾನರು ಡಬ್ಬಿ ಬಿಚ್ಚಿ ಥರ್ಮಾಮೀಟರ್ ನೇತುಹಾಕಿದರು. ಇಪ್ಪತ್ತೈದು ಡಿಗ್ರಿ ಇರಬೇಕಾದ ಕಡೆ ಹದಿನೆಂಟು ತೋರಿಸಿತು.

"ಕೆಟ್ಟೋಗೈತೆ ಅದು" ಎಂದಳು ಕೆಂಚಮ್ಮ, ಪೇಪರ್ ಮಡಚಿ ಗಾಳಿ ಬೀಸಿಕೊಳ್ಳುತ್ತ. ನಾನೂ ಬೀಸಿಕೊಳ್ಳುತ್ತಿದ್ದೆ. ಎದುರಿಗೆ ಯಜಮಾನರು ಕಂಬಳಿಯೊಳಗೆ ನಡುಗುತ್ತಿದ್ದರು.

ಅವರು ಬೈಯಲಿಲ್ಲ. "ಇನ್ಮೇಲೆ ಕಿಟಕಿ ಉಸಾಬ್ರಿ ನಿಮ್ಗೆ ಬ್ಯಾಡ" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು. ಹುಳುಗಳು ಹೇಗೋ ಬದುಕಿಕೊಂಡು ಗೂಡು ಕಟ್ಟಿದವು, ಆದರೆ ನನ್ನ ಮಾತಿಗೆ ಬೆಲೆ ಹೋಯಿತು. ಯಾರೂ ಕರೆಯಲು ಬರಲಿಲ್ಲ. ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ.

ಸೆಕೆ ಮಾತ್ರ ಇಬ್ಬರನ್ನೂ ಬಿಡಲಿಲ್ಲ; ಕಡೆಗೆ ಆಸ್ಪತ್ರೆಗೆ ಕೆಂಚಮ್ಮನೇ ಎಳೆದುಕೊಂಡು ಹೋದಳು. ನರ್ಸ್ ಅನೀಸಾ ಮುಟ್ಟಿನ ವಿಷಯ ಕೇಳಿದರು. ನನಗೆ ಮೂರು ತಿಂಗಳಿಂದ ಆಗಿರಲಿಲ್ಲ, ಕೆಂಚಮ್ಮನಿಗೆ ಮನಸ್ಸು ಬಂದಾಗ ಆಗುತ್ತಿತ್ತು.

"ಮುಟ್ಟು ನಿಲ್ಲೋ ಕಾಲ ಹತ್ರ ಬಂದಿದೆ ಅಕ್ಕಾ. ಹಾರ್ಮೋನು ಏರುಪೇರಾಗುತ್ತೆ. ಈ ಸೆಕೆ ಮೈಯೊಳಗಿಂದ ಬರೋದು."

"ಇಬ್ಬರ್ಗೂ ಒಟ್ಟಿಗೇನಾ?" ಎಂದೆ.

"ಹೆಚ್ಚು ಕಡಿಮೆ ಒಂದೇ ವಯಸ್ಸಲ್ವಾ!"

ಕೆಂಚಮ್ಮ ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ. ಇಬ್ಬರು ಹೆಂಗಸರ ಒಳಗಿನ ಬೆಂಕಿಗೆ ಸಾವಿರಾರು ಹುಳುಗಳಿಗೆ ಚಳಿ ಹಿಡಿಸಿದ್ದೆವಲ್ಲ! ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದಾಗಲೂ ನಗು. ಬೆರಳು ಚುಚ್ಚಿ ಸಕ್ಕರೆ ನೋಡಿದ ಮೇಲೆ ನಗು ಸ್ವಲ್ಪ ಇಳಿಯಿತು. ನನ್ನದು ಗಡಿಯಲ್ಲಿ ನಿಂತಿತ್ತು. ಈ ವಯಸ್ಸಿನಲ್ಲಿ ಕೊಬ್ಬು ಹೊಟ್ಟೆಗೆ ಬಂದು ಕೂರುತ್ತದೆ, ಸಕ್ಕರೆಯೂ ಬಿಪಿಯೂ ಏರಲು ನೋಡುತ್ತವೆ ಎಂದರು ಅನೀಸಾ. ದಿನಕ್ಕೆ ಆರು ಸಿಹಿ ಟೀ ಕುಡಿಯುತ್ತೇನೆ ಎಂದದ್ದಕ್ಕೆ ಕಣ್ಣರಳಿಸಿದರು. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಲಿ, ದಿನಾ ಬಿರಬಿರನೆ ನಡೆಯಿರಿ, ಮೂರು ತಿಂಗಳಿಗೆ ಮತ್ತೆ ಬನ್ನಿ. ಸೆಕೆ ಬಂದಾಗ ಎಲ್ಲಿಂದ ಶುರುವಾಗಿ ಎಷ್ಟು ಹೊತ್ತು ಇರುತ್ತದೆ, ಬರೆದಿಡಿ ಎಂದು ಡಾಕ್ಟರ ಕಡೆಗೆ ಕಳಿಸಿದರು.

ಸಂಜೆಯ ಹೊತ್ತು ಇಬ್ಬರೂ ರಸ್ತೆಗಿಳಿದೆವು. ಮೊದಲ ದಿನವೇ ಸರ್ಕಾರಿ ಬಸ್ಸು ನಮಗಾಗಿ ನಿಂತುಬಿಟ್ಟಿತು. "ನೀನ್ ಹೋಗಪ್ಪ, ನಾವು ಹೊಟ್ಟೆ ಕರಗಿಸ್ಕತಾ ಇದೀವಿ" ಎಂದು ಕೆಂಚಮ್ಮ ಕೂಗಿದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಕ್ಯಾಲೆಂಡರಿನಲ್ಲಿ ಬರೆಯುತ್ತ ಬರೆಯುತ್ತ ನನ್ನ ಸೆಕೆಯ ನಡೆ ಗೊತ್ತಾಯಿತು. ಎದೆಯಲ್ಲಿ ಹುಟ್ಟಿ, ಕತ್ತಿಗೆ ಏರಿ, ಕಿವಿ ಕೆಂಪು ಮಾಡಿ, ಐದು ನಿಮಿಷಕ್ಕೆ ಹೊರಟುಹೋಗುತ್ತಿತ್ತು.

ಮಾರ್ಚ್ ಬಂತು, ಹುಳುವಿನ ಹೊಸ ಬೆಳೆ. ಎರಡು ದಿನ ಕಳೆದರೆ ಹುಳು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿ ಹತ್ತಬೇಕು. ಮಧ್ಯಾಹ್ನ ಸೊಪ್ಪು ಹೊತ್ತು ಒಳಗೆ ಹೋದವಳಿಗೆ ಸೆಕೆ ತಟ್ಟಿತು. ಮರ್ಯಾದೆಯಿಂದ ಐದು ನಿಮಿಷ ಕಾದೆ. ಸೆಕೆ ಹೋಗಲಿಲ್ಲ. ಎದೆ ತಣ್ಣಗಿತ್ತು, ಉರಿ ಚಾವಣಿಯ ಶೀಟಿನಿಂದ ನೆತ್ತಿಗೆ ಇಳಿಯುತ್ತಿತ್ತು. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಅಲೆಯುತ್ತಿದ್ದವು. ಕೆಂಚಮ್ಮನನ್ನು ಕರೆದೆ.

"ಅಕ್ಕ, ಸೆಕೆ ಎಲ್ಲಿಂದ ಬತ್ತಾ ಐತೆ?"

"ನೆತ್ತಿಯಿಂದ ಕಣೇ!"

"ಏನ್ರೀ, ಕಿಟಕಿ ತೆಗೀರಿ. ಈ ಸೆಕೆ ನಂದಲ್ಲ, ಮನೇದು!"

ಯಜಮಾನರು ಥರ್ಮಾಮೀಟರಿನತ್ತ ಕೈ ತೋರಿಸಿದರು. "ಇಪ್ಪತ್ನಾಕೈತೆ. ಆಚೆ ಹೋಗಿ ಒಸಿ ಕೂತ್ಕಳಿ."

ಹತ್ತಿರ ಹೋಗಿ ನೋಡಿದೆ. ತಂಪಿಗೆಂದು ಕಿಟಕಿಗೆ ಕಟ್ಟಿದ್ದ ಒದ್ದೆ ಗೋಣಿಚೀಲಕ್ಕೆ ಅದರ ಬುಡ ಅಂಟಿಕೊಂಡಿತ್ತು! ಬಿಡಿಸಿ, ಒರೆಸಿ, ನಡುಮನೆಯಲ್ಲಿ ಎತ್ತಿ ಹಿಡಿದೆ. ಮೂವರೂ ಕತ್ತು ಚಾಚಿ ನೋಡಿದೆವು. ಇಪ್ಪತ್ತೇಳು, ಮೂವತ್ತು, ಮೂವತ್ತಮೂರು.

ಯಜಮಾನರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಹುಳುಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಎಷ್ಟ್ ಕಿಟಕಿ ತೆಗೀಲಿ, ಹೇಳು."

ನನಗೆ ಕುಣಿದಾಡುವಷ್ಟು ಸಂತೋಷವಾಯಿತು. "ಎಲ್ಲಾನೂ" ಎಂದೆ. ಅದೇ ಹೊತ್ತಿಗೆ ಎದೆಯಲ್ಲಿ ಸಣ್ಣಗೆ ಬಿಸಿಯೆದ್ದು ಕತ್ತಿಗೆ ಏರತೊಡಗಿತು. ಇದು ನನ್ನದೇ. ಯಾರಿಗೂ ಹೇಳಲಿಲ್ಲ, ಹೋಗಿ ತೆರೆದ ಕಿಟಕಿಯ ಮುಂದೆ ನಿಂತುಕೊಂಡೆ.